ಹೃದಯದೊಳಗಿನ ಮಿಕ್ಸೋಮಾ: ಗುರುತಿಸುವುದು, ತೆಗೆಯುವುದು

ಹೃದಯದೊಳಗೆ ಬೆಳೆಯುವ ಮಿಕ್ಸೋಮಾ ಎಂಬ ಗಡ್ಡೆ ಕ್ಯಾನ್ಸರ್ ಅಲ್ಲ ಎಂದ ಕೂಡಲೇ ಮನೆಯವರಿಗೆ ಅರ್ಧ ಜೀವ ಬಂದಂತಾಗುತ್ತದೆ. ಆದರೂ ಆಪರೇಷನ್ ಮುಂದೂಡಲು ನಾನು ಒಪ್ಪುವುದಿಲ್ಲ. ಮಿಕ್ಸೋಮಾ ಲೋಳೆಯಷ್ಟು ಮೆತ್ತಗಿರಬಹುದು. ಒಂದು ಚೂರು ಕಳಚಿ ಮಿದುಳಿಗೆ ಹೋದರೆ ಪಾರ್ಶ್ವವಾಯು ಹೊಡೆಯುತ್ತದೆ.

ಉಸಿರು ಕಟ್ಟುವುದು, ಮಗ್ಗುಲು ಬದಲಿಸಿದರೆ ತಲೆ ಸುತ್ತುವುದು, ಕಾರಣ ಸಿಗದ ಜ್ವರ, ಏರಿದ ಇಎಸ್‌ಆರ್ (ಉರಿಯೂತ ಸೂಚಿಸುವ ರಕ್ತಪರೀಕ್ಷೆ): ಇವು ಒಟ್ಟಿಗೆ ಕಂಡರೆ ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್, ಮಾಡಿಸಿ. ಹೃದಯದ ಎಡಭಾಗದ ಮೈಟ್ರಲ್ ಕವಾಟ ಕಿರಿದಾದಾಗಲೂ ಮಿಕ್ಸೋಮಾದಂಥದೇ ಸದ್ದು ಎದೆಯಲ್ಲಿ ಕೇಳುವುದರಿಂದ ಸ್ಟೆತಸ್ಕೋಪ್ ಒಂದನ್ನೇ ನಂಬಬೇಡಿ.

ಎಕೋದಲ್ಲಿ ಮೊದಲು ಗಡ್ಡೆ ಗೋಡೆಗೆ ಅಂಟಿರುವ ತೊಟ್ಟು ಹುಡುಕಿ. ಮಿಕ್ಸೋಮಾಗಳಲ್ಲಿ ಸುಮಾರು ಮುಕ್ಕಾಲು ಪಾಲು ಎಡ ಹೃತ್ಕರ್ಣದಲ್ಲೇ (ಎಡಗಡೆಯ ಮೇಲಿನ ಕೋಣೆ) ಇರುತ್ತವೆ, ಹೆಚ್ಚಾಗಿ ನಡುಗೋಡೆಯ ಫೋಸಾ ಓವಾಲಿಸ್ ಎಂಬ ತಗ್ಗಿನ ಬಳಿ ಅಂಟಿಕೊಂಡು. ಗಡ್ಡೆ ಪ್ರತಿ ಬಡಿತಕ್ಕೂ ಕವಾಟದೊಳಗೆ ಇಳಿದು ಮೇಲೇರುವುದು ತೆರೆಯ ಮೇಲೆ ಸ್ಪಷ್ಟವಾಗಿ ಕಾಣುತ್ತದೆ. ಹಿಂಗೋಡೆಗೋ ಕರ್ಣದ ಕಿವಿಗೋ (ಹೃತ್ಕರ್ಣದ ಪುಟ್ಟ ಚೀಲದಂಥ ಭಾಗ) ಅಂಟಿದ್ದು, ಬಡಿತವೂ ತಾಳ ತಪ್ಪಿದ್ದರೆ ಹೆಪ್ಪುಗಟ್ಟಿದ ರಕ್ತವಿರಬಹುದೇ ಎಂದು ಯೋಚಿಸಿ. ಅನುಮಾನ ಉಳಿದರೆ ಅನ್ನನಾಳದ ಮೂಲಕ ಎಕೋ, ಆಮೇಲೆ ಎಂಆರ್‌ಐ. ಎಡಭಾಗದ ಇಂಥ ಗಡ್ಡೆಗೆ ಸೂಜಿ ಹಾಕಿ ಬಯಾಪ್ಸಿ ತೆಗೆಯುವ ಯೋಚನೆ ಬೇಡ.

ಆಪರೇಷನ್‌ನಲ್ಲಿ ನನ್ನ ಕಿರಿಯರಿಗೆ ಬಿಡದೆ ಹೇಳುವುದು ಒಂದೇ: ಮಹಾಪಧಮನಿಗೆ ಕ್ಲ್ಯಾಂಪ್ ಬೀಳುವ ತನಕ ಹೃದಯವನ್ನು ಎತ್ತಬೇಡಿ, ಒತ್ತಬೇಡಿ. ಎರಡೂ ಮಹಾಸಿರೆಗಳಿಗೆ ಕೊಳವೆ ಹಾಕಿ ಹೃದಯ, ಶ್ವಾಸಕೋಶಗಳ ಕೆಲಸ ಮಾಡುವ ಬೈಪಾಸ್ ಯಂತ್ರಕ್ಕೆ ಜೋಡಿಸಿ, ಕ್ಲ್ಯಾಂಪ್ ಹಾಕಿ, ಕಾರ್ಡಿಯೋಪ್ಲೀಜಿಯಾ ದ್ರಾವಣ ಕೊಟ್ಟು ಬಡಿತ ನಿಲ್ಲಿಸಿ. ಬಲ ಹೃತ್ಕರ್ಣ ತೆರೆದು ನಡುಗೋಡೆಯ ಮೂಲಕ ಒಳಹೋಗುವುದು ನನಗೆ ಇಷ್ಟ, ಬುಡ ಕಣ್ಣೆದುರೇ ಸಿಗುತ್ತದೆ. ಗಡ್ಡೆಯನ್ನು ಹಿಡಿದೆಳೆಯದೆ, ಬುಡದ ಸುತ್ತಲಿನ ಗೋಡೆಯನ್ನೂ ಸೇರಿಸಿ ಕತ್ತರಿಸಿ, ಚಮಚದಿಂದ ಎತ್ತುವ ಹಾಗೆ ಇಡಿಯಾಗಿ ತೆಗೆಯಿರಿ. ನಾಲ್ಕೂ ಕೋಣೆ ನೋಡಿ, ಸಲೈನ್‌ನಲ್ಲಿ ಚೆನ್ನಾಗಿ ತೊಳೆದು, ತೂತಿಗೆ ಪೆರಿಕಾರ್ಡಿಯಂ (ಹೃದಯದ ಹೊರಪೊರೆ) ತೇಪೆ ಹೊಲಿಯಿರಿ. ಕವಾಟ ಸೋರುತ್ತಿದೆಯೇ ಎಂಬುದನ್ನು ಅಲ್ಲೇ ಪರೀಕ್ಷಿಸಿ. ಗಡ್ಡೆ ಪೆಥಾಲಜಿಗೆ ಹೋಗಲೇಬೇಕು.

ಎಲ್ಲ ಗಡ್ಡೆಗೂ ಚಾಕು ಬೇಕಿಲ್ಲ. ಮಕ್ಕಳಲ್ಲಿ ಕಾಣುವ ರಾಬ್ಡೋಮಯೋಮಾ ಎಂಬ ಹೃದಯದ ಸ್ನಾಯುಗಡ್ಡೆ ಎಷ್ಟೋ ಸಲ ತಾನಾಗಿ ಕರಗುತ್ತದೆ. ರಕ್ತದ ಹರಿವಿಗೆ ಅಡ್ಡ ಬಂದರೆ, ಬಡಿತ ಹದಗೆಟ್ಟರೆ ಮಾತ್ರ ಶಸ್ತ್ರಚಿಕಿತ್ಸೆ.

ಡಿಸ್ಚಾರ್ಜ್ ಚೀಟಿಯಲ್ಲಿ ಮುಂದಿನ ಎಕೋ ಯಾವಾಗ ಎಂದು ಬರೆದುಕೊಡಿ. ರೋಗಿ ಚಿಕ್ಕ ವಯಸ್ಸಿನವರಾಗಿ, ಒಂದಕ್ಕಿಂತ ಹೆಚ್ಚು ಗಡ್ಡೆಗಳಿದ್ದು, ಚರ್ಮದ ಮೇಲೆ ಕಂದು ಚುಕ್ಕೆಗಳೂ ಇದ್ದರೆ ಕಾರ್ನಿ ಕಾಂಪ್ಲೆಕ್ಸ್ ಎಂಬ ವಂಶವಾಹಿ ಕಾಯಿಲೆ ಇರಬಹುದು. ಅಂಥವರಲ್ಲಿ ಗಡ್ಡೆ ಮರಳಿ ಬರುವ ಸಂಭವ ಹೆಚ್ಚು. ಅಪ್ಪ, ಅಮ್ಮ, ಒಡಹುಟ್ಟಿದವರು, ಮಕ್ಕಳು, ಎಲ್ಲರಿಗೂ ಎಕೋ ಮಾಡಿಸಿ.