ಸಿದ್ಧ ಕೋಣೆಗಳನ್ನು ಸೈಟಿಗೆ ತಲುಪಿಸುವುದು ಹೇಗೆ?

ಕಾರ್ಖಾನೆಯಲ್ಲೇ ಗೋಡೆ, ನೆಲ, ಮಾಡು ಜೋಡಿಸಿದ ಕೋಣೆಗಳನ್ನು ತಂದು ಅಡಿಪಾಯದ ಮೇಲೆ ಕೂರಿಸುವ ಪದ್ಧತಿ ಕಾಸರಗೋಡಿಗೆ ಹೊಸತಲ್ಲ. 2020ರಲ್ಲಿ ಚಟ್ಟಂಚಾಲ್ ಸಮೀಪದ ತೆಕ್ಕಿಲ್‌ನ ಕೋವಿಡ್ ಆಸ್ಪತ್ರೆ ಎದ್ದು ನಿಂತದ್ದು ಹೀಗೆಯೇ. ಆದರೆ ತಲಪಾಡಿಯಿಂದ ಹೆದ್ದಾರಿ 66ರಲ್ಲಿ ಸುಸೂತ್ರವಾಗಿ ಬಂದ ಕೋಣೆ, ಕುಂಬಳೆಯಲ್ಲಿ ಬದಿಯಡ್ಕದ ಕಡೆಗೆ ಹೊರಳಿದ ಮೇಲೆ ಸೈಟಿನ ಕೊನೆಯ ಕಿಲೋಮೀಟರಿನಲ್ಲಿ ಸಿಕ್ಕಿಬೀಳುವುದನ್ನು ನಾನು ಹಲವು ಸಲ ಕಂಡಿದ್ದೇನೆ. ಆದ್ದರಿಂದ ಕೋಣೆಗೆ ಮುಂಗಡ ಕೊಡುವ ಮೊದಲೇ ಆ ದಾರಿಯನ್ನು ನಡೆದು ಅಳೆಯಬೇಕು.

ಮೊದಲು ಎತ್ತರ. ಸಾಮಾನ್ಯ ಟ್ರೈಲರಿನ ಹಾಸು ನೆಲದಿಂದ ಸುಮಾರು 1.5 ಮೀಟರ್ ಮೇಲಿರುವುದರಿಂದ, 2.9 ಮೀಟರ್ ಎತ್ತರದ ಕೋಣೆಯನ್ನು ಅದರ ಮೇಲಿಟ್ಟರೆ ಒಟ್ಟು 4.4 ಮೀಟರ್ ಆಗುತ್ತದೆ. ಹಾಸು ಸುಮಾರು 1 ಮೀಟರಿನಷ್ಟೇ ಇರುವ ಲೋ-ಬೆಡ್ ಟ್ರೈಲರಿಗೆ ಬಾಡಿಗೆ ಹೆಚ್ಚಾದರೂ ಅದನ್ನೇ ಗೊತ್ತು ಮಾಡಿ. ರಸ್ತೆಗೆ ಅಡ್ಡವಾಗಿ ಜೋತ ವಿದ್ಯುತ್ ತಂತಿಯ ಎತ್ತರವನ್ನು ಅಡಿಕೆ ಕೊಯ್ಯುವ ದೋಟಿಯಿಂದ ಅಳೆಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅಲ್ಯೂಮಿನಿಯಂ ದೋಟಿಯಲ್ಲಿಯೂ ಕಾರ್ಬನ್ ಫೈಬರ್ ದೋಟಿಯಲ್ಲಿಯೂ ವಿದ್ಯುತ್ ಹರಿಯುತ್ತದೆ, ಹಸಿ ಬಿದಿರೂ ನಂಬಿಕೆಗೆ ಯೋಗ್ಯವಲ್ಲ. ಲೈನ್‌ಮ್ಯಾನನ್ನು ಕರೆಸಿಯೇ ಅಳೆಯಿಸಬೇಕು.

ಅನಂತರ ತಿರುವು, ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಇಲ್ಲಿಯೇ. ಟ್ರೈಲರಿನ ಮುಂದಿನ ಚಕ್ರ ಹೋದಲ್ಲಿ ಹಿಂದಿನ ಚಕ್ರ ಹೋಗುವುದಿಲ್ಲ, ಅದು ತಿರುವಿನ ಒಳಬದಿಯನ್ನು ಕೊಯ್ದುಕೊಂಡು ಬರುತ್ತದೆ. ರಸ್ತೆಯ ಅಗಲವನ್ನಷ್ಟೇ ಟೇಪಿನಲ್ಲಿ ಅಳೆದು ಸಮಾಧಾನಪಟ್ಟ ಒಂದು ಕಡೆ, ಹಿಂದಿನ ಚಕ್ರ ತೋಟದ ಕಣಿಗೆ (ನೀರು ಹರಿಯುವ ಚರಂಡಿಗೆ) ಇಳಿದು, ಕೋಣೆ ವಾಲಿ, ಒಳಗಿನ ಟೈಲ್ಸ್‌ಗಳೆಲ್ಲ ಬಿರುಕು ಬಿಟ್ಟದ್ದು ನನ್ನ ಕಣ್ಣೆದುರಿಗೇ. ಅದೇ ಟ್ರೈಲರನ್ನು ಮೊದಲೊಮ್ಮೆ ಖಾಲಿಯಾಗಿ ತರಿಸಿ, ಹಿಂದಿನ ಚಕ್ರ ಉರುಳಿದ ಜಾಡಿನ ಮೇಲೆ ಸುಣ್ಣದ ಹುಡಿ ಚೆಲ್ಲಿ ಗುರುತು ಮಾಡಿ. ಆ ಗೆರೆ ಕಣಿಯ ಅಂಚಿಗೆ ಬಂದರೆ ಕಣಿಗೆ ಗಟ್ಟಿ ಚಪ್ಪಡಿ ಹಾಸದೆ ಲೋಡು ತರಕೂಡದು.

ಕಾಗದಪತ್ರಗಳಲ್ಲಿ ಮರೆಯಬಾರದ್ದು ಎರಡು: ಅಗಲ 2.6 ಮೀಟರ್ ದಾಟಿದರೆ ವಿಶೇಷ ಅನುಮತಿ ಬೇಕು. ಸರಕು ಸಾಗಿಸುವಾಗ ಜೊತೆಗಿರಬೇಕಾದ ಜಿಎಸ್‌ಟಿ ಪತ್ರವಾದ ಇ-ವೇ ಬಿಲ್ ಸಾಮಾನ್ಯ ಸರಕಿಗೆ 200 ಕಿಲೋಮೀಟರಿಗೆ ಒಂದು ದಿನ ಸಿಂಧುವಾದರೆ, ಮಿತಿ ಮೀರಿದ ಗಾತ್ರದ ಸರಕಿಗೆ 20 ಕಿಲೋಮೀಟರಿಗೆ ಒಂದು ದಿನ.

ಮೊದಲು ಕೂರಬೇಕಾದ ಕೋಣೆ ಮೊದಲು ಹೊರಡಲಿ. ಕಟ್ಟಲು ನೈಲಾನ್ ಹಗ್ಗ ಬೇಡವೇ ಬೇಡ, ಮಳೆಗೆ ನೆನೆದರೆ ಸಡಿಲವಾಗುತ್ತದೆ. ರ‍್ಯಾಚೆಟ್ ಬೆಲ್ಟನ್ನು (ಹಿಡಿಕೆ ಎಳೆದು ಬಿಗಿಯುವ ಪಟ್ಟಿಯನ್ನು) ಮೂಲೆಯ ಉಕ್ಕಿನ ಕಂಬಗಳಿಗೇ ಬಿಗಿಯಬೇಕು. ತೆಳ್ಳಗಿನ ನೀಲಿ ಪ್ಲಾಸ್ಟಿಕ್ ಹಾಳೆ ಗಾಳಿಗೆ ಹರಿದುಹೋಗುವುದರಿಂದ ದಪ್ಪ ಟರ್ಪಾಲನ್ನೇ ಹೊದಿಸಿ.

ಕ್ರೇನ್ ಹಿಡಿಯುವಾಗ ಅದರ ಮೇಲೆ ಬರೆದಿರುವ ಟನ್ ನೋಡಿ ಒಪ್ಪಿಕೊಳ್ಳಬೇಡಿ: ಕೈ ದೂರ ಚಾಚಿದಷ್ಟೂ ಎತ್ತುವ ಶಕ್ತಿ ಕುಗ್ಗುತ್ತದೆ. ಕ್ರೇನ್ ನಿಲ್ಲುವ ಜಾಗದಿಂದ ಅಡಿಪಾಯಕ್ಕಿರುವ ದೂರವನ್ನು ಅಳೆದು, ಆ ದೂರಕ್ಕೆ ಎಷ್ಟು ತೂಕ ಎತ್ತಬಹುದೆಂಬುದನ್ನು ಅದರ ಲೋಡ್ ಚಾರ್ಟಿನಲ್ಲಿ ನೋಡಿಯೇ ಮಾತು ಕೊಡಿ. ಕ್ರೇನನ್ನು ನೆಲಕ್ಕೆ ಊರಿ ನಿಲ್ಲಿಸುವ ಜಾಕಿಯ ಪಾದದಡಿ ಕೆಂಪುಕಲ್ಲು ಇಡುವ ರೂಢಿ ನಮ್ಮಲ್ಲಿದೆ. ಭಾರ ಬಿದ್ದಾಗ ಆ ಕಲ್ಲು ಹುಡಿಯಾಗುತ್ತದೆ, ಅಗಲವಾದ ಮರದ ದಿಮ್ಮಿಗಳೇ ಬೇಕು. ಗುಡ್ಡ ಕಡಿದು ಹೊಸತಾಗಿ ಮಣ್ಣು ತುಂಬಿಸಿದ ಅಂಗಳವಾದರೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಕ್ರೇನ್ ನಿಲ್ಲಿಸಲೇಬಾರದು.