ಚಂದ್ರನ 3.8 ಸೆಂ.ಮೀ.ನಿಂದ ದಿನದ ಮಿಲಿಸೆಕೆಂಡಿಗೆ: ಬೋರ್ಡಿನ ಮೇಲೆ ಮಾಡಿಸುವ ಲೆಕ್ಕ

ಬಾಗಲಕೋಟೆಯಲ್ಲಿ ಪಿಯು ಮಕ್ಕಳಿಗೆ ಉಬ್ಬರ-ಇಳಿತ ಹೇಳಲು ಹೊರಟರೆ ಮೊದಲ ಪ್ರಶ್ನೆ ಗ್ಯಾರಂಟಿ: “ಸರ, ಆಲಮಟ್ಟಿ ಹಿನ್ನೀರಿನ್ಯಾಗ ಯಾಕ ಉಬ್ಬರ ಕಾಣಂಗಿಲ್ರಿ?” ಈ ದಡಕ್ಕೂ ಆ ದಡಕ್ಕೂ ಚಂದ್ರನ ಸೆಳೆತದಲ್ಲಿರುವ ಅಂತರ ತೀರಾ ಕಡಿಮೆ, ಉಬ್ಬರಕ್ಕೆ ಸಾಗರದಷ್ಟು ಹರವು ಬೇಕು. ಇಷ್ಟು ಹೇಳಿ ಲೆಕ್ಕಕ್ಕೆ ಇಳಿಯುತ್ತೇನೆ: ಉಬ್ಬರದಿಂದಾಗಿ ಚಂದ್ರ ದೂರ ಸರಿಯುತ್ತಾನೆ, ಭೂಮಿಯ ದಿನ ಉದ್ದವಾಗುತ್ತದೆ, ಎಷ್ಟು? ಸೈಂಟಿಫಿಕ್ ಕ್ಯಾಲ್ಕುಲೇಟರ್ ಒಂದಿದ್ದರೆ ಸಾಕು.

ಚಿತ್ರದಲ್ಲಿ ನೀರಿನ ಉಬ್ಬನ್ನು ಚಂದ್ರನ ನೇರಕ್ಕೆ ಬರೆದರೆ ಕೆಲಸ ಕೆಟ್ಟಿತು, ತಿರುಚುವ ಬಲವೇ ಹುಟ್ಟುವುದಿಲ್ಲ. ಭೂಮಿ ದಿನಕ್ಕೊಂದು ಸುತ್ತು ತಿರುಗುತ್ತದೆ, ಚಂದ್ರನಿಗೆ ಒಂದು ಸುತ್ತಿಗೆ 27.3 ದಿನ ಬೇಕು. ಹೀಗಾಗಿ ಸಮುದ್ರದ ತಿಕ್ಕಾಟದಲ್ಲಿ ಉಬ್ಬು ಚಂದ್ರನಿಗಿಂತ ಕೆಲವು ಡಿಗ್ರಿ ಮುಂದೆ ನಿಲ್ಲುತ್ತದೆ. ಅದು ಚಂದ್ರನನ್ನು ಮುಂದಕ್ಕೆಳೆಯುತ್ತದೆ, ಚಂದ್ರ ಅದನ್ನು ಹಿಂದಕ್ಕೆಳೆಯುತ್ತಾನೆ. ಭೂಮಿಯ ಕೋನೀಯ ಸಂವೇಗ (ತಿರುಗಾಟದ ಸಂವೇಗ) ಅಷ್ಟಷ್ಟೇ ಚಂದ್ರನ ಖಾತೆಗೆ ಜಮಾ ಆಗುತ್ತದೆ. ಮುಂದಕ್ಕೆಳೆದರೂ ಚಂದ್ರನ ವೇಗ ಹೆಚ್ಚುವುದಿಲ್ಲ. ಮೇಲಿನ ಕಕ್ಷೆಗೆ ಏರಿ ಇನ್ನೂ ನಿಧಾನವಾಗುತ್ತಾನೆ.

1969ರಿಂದ ಅಪೊಲೊ ಯಾತ್ರಿಗಳು ಇಟ್ಟುಬಂದ ಪ್ರತಿಫಲಕಗಳಿಗೆ ಲೇಸರ್ ಹಾಯಿಸಿ ಅಳೆದಾಗ ಚಂದ್ರ ದೂರ ಸರಿಯುವ ದರ ಸಿಕ್ಕಿತು, ವರ್ಷಕ್ಕೆ 3.8 ಸೆಂ.ಮೀ. ಇದನ್ನು ದೂರ 3.844×10⁸ ಮೀಟರಿನಿಂದ ಭಾಗಿಸಿ: 9.9×10⁻¹¹. ಕಕ್ಷೆಯ ಕೋನೀಯ ಸಂವೇಗ ದೂರದ ವರ್ಗಮೂಲದಂತೆ ಬೆಳೆಯುವುದರಿಂದ ಅದರಲ್ಲಿ ಅರ್ಧ ಮಾತ್ರ ತಗೊಳ್ಳಿ. ಈ ಅರ್ಧವನ್ನು ಬಹಳ ಮಂದಿ ಮರೆಯುತ್ತಾರೆ. ಚಂದ್ರನ ಒಟ್ಟು ಕೋನೀಯ ಸಂವೇಗ 2.88×10³⁴ ಕಿ.ಗ್ರಾಂ·ಮೀ²/ಸೆ, ಗುಣಿಸಿದರೆ ವರ್ಷದ ಜಮಾ 1.42×10²⁴.

ಭೂಮಿಯ ಆವರ್ತನದ (ತನ್ನ ಸುತ್ತ ತಾನೇ ತಿರುಗುವುದರ) ಕೋನೀಯ ಸಂವೇಗ ಅದೇ ಮಾನದಲ್ಲಿ 5.86×10³³. ವರ್ಷದ ಜಮಾವನ್ನು ಇದರಿಂದ ಭಾಗಿಸಿ, 86,400 ಸೆಕೆಂಡಿನಿಂದಲೂ 100 ವರ್ಷದಿಂದಲೂ ಗುಣಿಸಿದರೆ ದಿನ ಉದ್ದವಾಗುವುದು ಶತಮಾನಕ್ಕೆ ಸುಮಾರು 2.1 ಮಿಲಿಸೆಕೆಂಡ್. ಸೂರ್ಯನ ಉಬ್ಬರವನ್ನೂ ಕೂಡಿಸಿದರೆ 2.3ರ ಆಸುಪಾಸು.

ನಿಜವಾದ ಮೋಸ ಇರುವುದು ಇಲ್ಲಿ. ಪಠ್ಯದ ರೂಢಿಯಂತೆ ಭೂಮಿಯನ್ನು ಏಕರೂಪದ ಗೋಳವೆಂದು ಹಿಡಿದು ಮೊಮೆಂಟ್ ಆಫ್ ಇನರ್ಷಿಯಾಕ್ಕೆ (ತಿರುಗಾಟ ಬದಲಿಸಲು ಎದುರಾಗುವ ಜಡತ್ವಕ್ಕೆ) ಐದನೇ ಎರಡು (0.4) ಹಾಕಿದರೆ 2.1ರ ಬದಲು ಉತ್ತರ 1.74 ಬರುತ್ತದೆ. ಗ್ರಹಣದ ದಾಖಲೆಗಳಿಂದ ಸಿಕ್ಕಿರುವುದೂ ಸುಮಾರು 1.7! ಹುಡುಗರು ಕುಣಿಯುತ್ತಾರೆ, ಆದರೆ ಇದು ಬರೀ ಕಾಕತಾಳೀಯ. ಭೂಮಿಯ ನಡುವೆ ಕಬ್ಬಿಣದ ಭಾರ ಕೂಡಿಕೊಂಡಿದೆ, ಹಾಕಬೇಕಾದ್ದು 0.33, ಮೇಲಿನ 5.86×10³³ ಬಂದದ್ದು ಅದರಿಂದಲೇ. 2.3ಕ್ಕೂ 1.7ಕ್ಕೂ ಉಳಿಯುವ ಅಂತರಕ್ಕೆ ಮುಖ್ಯ ಕಾರಣ ಬೇರೆ: ಹಿಮಯುಗದ ಮಂಜುಗಡ್ಡೆ ಕರಗಿದ ಮೇಲೆ ಧ್ರುವದ ಕಡೆಯ ನೆಲ ಮೇಲೇಳುತ್ತಿದೆ, ಭೂಮಿ ತುಸು ದುಂಡಗಾಗುತ್ತಿದೆ, ಅದರಿಂದ ಆವರ್ತನ ಅಷ್ಟಿಷ್ಟು ಚುರುಕಾಗುತ್ತದೆ.

ಉತ್ತರವನ್ನು ಒರೆಗೆ ಹಚ್ಚಲು ಬ್ಯಾಬಿಲೋನಿನಲ್ಲಿ ಕ್ರಿ.ಪೂ. 136ರ ಏಪ್ರಿಲ್ 15ರಂದು ಕಂಡ ಖಗ್ರಾಸ ಸೂರ್ಯಗ್ರಹಣ ತಗೊಳ್ಳುತ್ತೇನೆ. ಆವರ್ತನ ಬದಲಾಗಿಲ್ಲವೆಂದು ಲೆಕ್ಕ ಹಾಕಿದರೆ ನೆರಳು ಸುಮಾರು 49 ಡಿಗ್ರಿ ಪಶ್ಚಿಮಕ್ಕೆ, ಅಂದರೆ 3.25 ಗಂಟೆಯಷ್ಟು ಸರಿದು ಬೀಳುತ್ತದೆ. “ಮಿಲಿಸೆಕೆಂಡಿನಿಂದ ಗಂಟೆ ಹೆಂಗ ಆಗ್ತೈತ್ರಿ?” ದಿನದಿನದ ಹೆಚ್ಚುವರಿ ಕೂಡುತ್ತಾ ಹೋಗುತ್ತದೆ. ಇಂದಿನ 86,400 ಸೆಕೆಂಡಿಗೆ ಸರಿಹೊಂದುವ ದಿನ 1820ರ ಸುಮಾರಿನದು. ಅಲ್ಲಿಗೆ 1955 ವರ್ಷ. 1.7×19.55 ಅಂದರೆ 33 ಮಿಲಿಸೆಕೆಂಡ್, ಸರಾಸರಿ 16.6. ದಿನಗಳು 7.14 ಲಕ್ಷ. ಗುಣಿಸಿದರೆ 11,850 ಸೆಕೆಂಡ್, 3.3 ಗಂಟೆ. 2.3 ಹಾಕಿ ನೋಡಿ, ನಾಲ್ಕೂವರೆ ಗಂಟೆಯ ಹತ್ತಿರ ಹೋಗಿ ಬ್ಯಾಬಿಲೋನನ್ನೇ ತಪ್ಪಿಸುತ್ತದೆ.