ಎಸಿಯೊಳಗೆ ಐಸ್ ಕಟ್ಟುತ್ತಿದೆಯಾ? ಗ್ಯಾಸ್ ಹಾಕಿಸುವ ಮೊದಲು ಇಷ್ಟು ನೋಡಿ

ಎಸಿ ಓಡುತ್ತಲೇ ಇದೆ, ಆದರೆ ಗಾಳಿ ಬರುತ್ತಿಲ್ಲ. ಒಳಗಿನ ಯೂನಿಟ್‌ನಿಂದ ನೀರು ತೊಟ್ಟಿಕ್ಕುತ್ತಿದೆ. ಮುಚ್ಚಳ ಎತ್ತಿ ನೋಡಿದರೆ ಫಿಲ್ಟರ್ ಹಿಂದೆ ಬೆಳ್ಳಗೆ ಐಸ್. ಇಂಥ ಹೊತ್ತಲ್ಲಿ ತುಂಬಾ ಜನ ರಿಮೋಟ್ ತೆಗೆದುಕೊಂಡು ಇನ್ನೂ ಎರಡು ಡಿಗ್ರಿ ಇಳಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಐಸ್ ಇನ್ನೂ ಜಾಸ್ತಿಯಾಗುತ್ತದೆ ಅಷ್ಟೇ.

ಐಸ್ ಯಾಕೆ ಕಟ್ಟುತ್ತದೆ ಅಂತ ಗೊತ್ತಾದರೆ ಮುಂದಿನ ಕೆಲಸ ಸುಲಭ. ಒಳಗಿನ ಯೂನಿಟ್‌ನಲ್ಲಿ ಫಿಲ್ಟರ್ ಹಿಂದೆ, ತಂಪು ಮಾಡುವ ಗ್ಯಾಸ್ ಹರಿಯುವ ಪೈಪುಗಳ ಸುರುಳಿ ಇದೆ, ಅದೇ ಕಾಯಿಲ್. ಅದು ಸಾಮಾನ್ಯವಾಗಿ 4ರಿಂದ 10 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕೆಲಸ ಮಾಡುತ್ತದೆ. ಕೋಣೆಯ ಬೆಚ್ಚಗಿನ ಗಾಳಿ ಅದರ ಮೇಲೆ ಹಾಯುತ್ತಲೇ ಇರುವುದರಿಂದ ಅದು 0 ಡಿಗ್ರಿಗೆ ಇಳಿಯುವುದಿಲ್ಲ. ಗಾಳಿಯಲ್ಲಿರುವ ತೇವ ನೀರಾಗಿ ಡ್ರೈನ್ ಪೈಪಿನಲ್ಲಿ ಹೋಗುತ್ತದೆ. ಗಾಳಿ ಕಡಿಮೆಯಾದರೆ ಕಾಯಿಲ್‌ಗೆ ಶಾಖ ಸಿಗುವುದಿಲ್ಲ, ಗ್ಯಾಸ್ ಕಡಿಮೆಯಾದರೆ ಒಳಗಿನ ಒತ್ತಡ ಇಳಿದು ಕಾಯಿಲ್ ವಿಪರೀತ ತಣ್ಣಗಾಗುತ್ತದೆ. ಎರಡರಲ್ಲಿ ಯಾವುದಾದರೂ ಆ ನೀರು ಅಲ್ಲೇ ಹೆಪ್ಪುಗಟ್ಟುತ್ತದೆ. ಕಟ್ಟಿದ ಐಸ್ ಗಾಳಿಯ ದಾರಿಯನ್ನು ಇನ್ನಷ್ಟು ಮುಚ್ಚುತ್ತದೆ, ಆಗ ಐಸ್ ಇನ್ನೂ ಬೇಗ ಬೆಳೆಯುತ್ತದೆ.

ಮೊದಲ ಕೆಲಸ, ಕೂಲಿಂಗ್ ನಿಲ್ಲಿಸಿ. ರಿಮೋಟ್‌ನಲ್ಲಿ ಫ್ಯಾನ್ ಮೋಡ್ ಹಾಕಿ, ಫ್ಯಾನ್ ಜೋರಾಗಿ ತಿರುಗಲಿ. ಕರಗುವ ನೀರಿಗೆ ಕೆಳಗೆ ಬಕೆಟ್ ಇಡಿ, ಹಳೇ ಬಟ್ಟೆ ಹಾಸಿ. ನೀರು ಯೂನಿಟ್‌ನ ವೈರಿಂಗ್ ಕಡೆ ಹೋಗುತ್ತಿದೆ ಅನ್ನಿಸಿದರೆ ಎಸಿಗೆ ಕರೆಂಟ್ ಕೊಡುವ ಎಂಸಿಬಿ ಸ್ವಿಚ್ಚನ್ನೇ ಆಫ್ ಮಾಡಿ, ಐಸ್ ತಾನಾಗಿ ಕರಗಲಿ. ತೆಳು ಪದರವಾದರೆ ಒಂದೆರಡು ಗಂಟೆ ಸಾಕು, ದಪ್ಪ ಗಡ್ಡೆಯಾದರೆ ಇಡೀ ರಾತ್ರಿ ಬೇಕಾಗಬಹುದು. ಚಾಕು, ಸ್ಕ್ರೂಡ್ರೈವರ್ ಹಾಕಿ ಕೆತ್ತಬೇಡಿ. ಕಾಯಿಲ್ ಮೇಲಿನ ಲೋಹದ ಪಟ್ಟಿಗಳು, ಅಂದರೆ ಫಿನ್‌ಗಳು, ಕಾಗದದಷ್ಟು ತೆಳು, ಅದರ ಹಿಂದೆ ಗ್ಯಾಸ್ ಹರಿಯುವ ಪೈಪಿದೆ, ಅದಕ್ಕೆ ಒಂದು ತೂತು ಬಿದ್ದರೆ ಸಣ್ಣ ರಿಪೇರಿ ದೊಡ್ಡದಾಗುತ್ತದೆ. ಐಸ್ ಇರುವಾಗಲೇ ಕೂಲಿಂಗ್ ಮುಂದುವರಿಸಿದರೆ ಆವಿಯಾಗದೆ ಉಳಿದ ಗ್ಯಾಸ್ ದ್ರವರೂಪದಲ್ಲೇ ಹೊರಗಿನ ಯೂನಿಟ್‌ನಲ್ಲಿರುವ ಕಂಪ್ರೆಸರ್‌ಗೆ ವಾಪಸ್ ಹೋಗಬಹುದು. ಕಂಪ್ರೆಸರ್ ಆವಿಯನ್ನು ಒತ್ತುವುದಕ್ಕೆ ಇರುವಂಥದ್ದು, ದ್ರವವನ್ನಲ್ಲ. ಎಸಿಯಲ್ಲಿ ತುಂಬಾ ದುಬಾರಿ ಭಾಗವೂ ಅದೇ.

ಕರಗುವ ಮೊದಲು ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಐಸ್ ಎಲ್ಲಿ ಕಟ್ಟಿದೆ ಅನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ. ಕಾಯಿಲ್ ಪೂರ್ತಿ ಒಂದೇ ಸಮ ಐಸ್ ಆಗಿ, ಹೊರಗಿನ ಯೂನಿಟ್‌ಗೆ ಹೋಗುವ ದಪ್ಪ ಪೈಪಿನ ಮೇಲೂ ಹಿಮ ಹಿಡಿದಿದ್ದರೆ ಮೊದಲ ಅನುಮಾನ ಗಾಳಿಯ ಮೇಲೆ. ಕಾಯಿಲ್‌ನ ಒಂದು ಮೂಲೆಯಲ್ಲಿ ಮಾತ್ರ ಐಸ್ ಇದೆ, ಉಳಿದ ಭಾಗ ಒಣಗಿದೆ, ಹೊರಗಿನ ಯೂನಿಟ್ ಹತ್ತಿರ ಸಣ್ಣ ಪೈಪಿನ ಮೇಲೆ ಹಿಮ ಇದೆ ಅಂದರೆ ಗ್ಯಾಸ್ ಕಡಿಮೆ ಇರುವ ಸಾಧ್ಯತೆ ಜಾಸ್ತಿ. ತುಂಬಾ ಹೊತ್ತು ಓಡಿದ ಮೇಲೆ ಎರಡೂ ಒಂದೇ ಥರ ಕಾಣಬಹುದು, ಹಾಗಾಗಿ ಶುರುವಿನಲ್ಲೇ ನೋಡುವುದು ಒಳ್ಳೆಯದು.

ಇನ್ನು ಗಾಳಿಯ ದಾರಿ. ಇಲ್ಲೇ ಜಾಸ್ತಿ ಸಮಯ ಕೊಡಿ, ಯಾಕೆಂದರೆ ನೀವೇ ಸರಿಮಾಡಬಹುದಾದ ತೊಂದರೆಗಳೆಲ್ಲ ಇಲ್ಲೇ ಇವೆ. ಫಿಲ್ಟರ್ ತೆಗೆದು ಬೆಳಕಿಗೆ ಹಿಡಿಯಿರಿ. ಬೆಳಕು ಸರಿಯಾಗಿ ದಾಟದಿದ್ದರೆ ಗಾಳಿಯೂ ದಾಟುವುದಿಲ್ಲ, ಅಲ್ವಾ? ಉಗುರುಬೆಚ್ಚಗಿನ ನೀರಲ್ಲಿ ತೊಳೆದು ನೆರಳಲ್ಲಿ ಪೂರ್ತಿ ಒಣಗಿಸಿ ಹಾಕಿ. ಕುದಿಯುವ ನೀರು ಹಾಕಿದರೆ, ಸುಡುಬಿಸಿಲಿಗೆ ಇಟ್ಟರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಎಸಿ ದಿನಾ ಓಡುವ ಕಾಲದಲ್ಲಿ ಎರಡು ವಾರಕ್ಕೊಮ್ಮೆ ಈ ಕೆಲಸ ಆಗಲೇಬೇಕು.

ಫಿಲ್ಟರ್ ಚೆನ್ನಾಗಿದ್ದೂ ಗಾಳಿ ಕಡಿಮೆ ಇದ್ದರೆ ಗಾಳಿ ತಳ್ಳುವ ಫ್ಯಾನ್, ಅಂದರೆ ಬ್ಲೋವರ್ ನೋಡಿ. ಗಾಳಿ ಬರುವ ಸೀಳಿನಿಂದ ಟಾರ್ಚ್ ಹಾಕಿದರೆ ಉದ್ದನೆಯ ಉರುಳೆ ಕಾಣುತ್ತದೆ. ಅದರ ಪುಟ್ಟ ಎಲೆಗಳ ಒಳಬದಿಯಲ್ಲಿ ಧೂಳು, ಬೂಷ್ಟು ಗಟ್ಟಿಯಾಗಿ ಕೂತಿದ್ದರೆ ಅದು ತಿರುಗಿದರೂ ಗಾಳಿ ತಳ್ಳುವುದಿಲ್ಲ. ನನ್ನ ಪ್ರಕಾರ ಎಲ್ಲರೂ ಮರೆಯುವ ಜಾಗ ಇದೇ, ಎಷ್ಟೋ ಸಲ ಸರ್ವಿಸ್‌ಗೆ ಬಂದವರು ಕೂಡ ಫಿಲ್ಟರ್ ತೊಳೆದು ಕಾಯಿಲ್‌ಗೆ ನೀರು ಹೊಡೆದು ಹೋಗಿಬಿಡುತ್ತಾರೆ, ಬ್ಲೋವರ್ ಮುಟ್ಟುವುದೇ ಇಲ್ಲ. ಕೇಳಿ ಮಾಡಿಸಿ. ಕಾಯಿಲ್ ಮೇಲಿನ ಧೂಳನ್ನು ನೀವೇ ತೆಗೆಯುವುದಾದರೆ ಎಂಸಿಬಿ ಆಫ್ ಮಾಡಿ, ಮೆತ್ತಗಿನ ಬ್ರಷ್‌ನಿಂದ ಫಿನ್‌ಗಳ ಉದ್ದಕ್ಕೇ ಎಳೆಯಿರಿ. ಅಡ್ಡ ಎಳೆದರೆ ಫಿನ್ ಬಾಗಿ ದಾರಿ ಮುಚ್ಚುತ್ತದೆ.

ಎಸಿ ಬಳಸುವ ರೀತಿಯಿಂದಲೂ ಐಸ್ ಕಟ್ಟುತ್ತದೆ. ರಾತ್ರಿಯಿಡೀ 16 ಡಿಗ್ರಿ, ಜೊತೆಗೆ ಫ್ಯಾನ್ ಅತಿ ನಿಧಾನ, ಇದು ಐಸ್‌ಗೆ ಹೇಳಿ ಮಾಡಿಸಿದ ಪರಿಸ್ಥಿತಿ. ಕೋಣೆ ಅಷ್ಟು ತಣ್ಣಗಾಗದಿದ್ದರೆ ಕಂಪ್ರೆಸರ್ ನಿಲ್ಲುವುದೇ ಇಲ್ಲ. 24ರ ಆಸುಪಾಸು ಇಟ್ಟು ಫ್ಯಾನ್ ಆಟೋದಲ್ಲಿ ಬಿಡಿ. ಯೂನಿಟ್ ಮುಂದೆ ಪರದೆ, ಕಪಾಟು ಅಡ್ಡ ಇದ್ದರೆ ತೆಗೆಯಿರಿ. ಹೊರಗೇ ಚಳಿ ಇರುವ ದಿನ ಕೂಲಿಂಗ್ ಓಡಿಸಿದರೂ ಒತ್ತಡ ಇಳಿದು ಐಸ್ ಕಟ್ಟಬಹುದು, ಆ ದಿನ ಕಿಟಕಿ ತೆರೆದರೆ ಸಾಕು.

ಇಷ್ಟೆಲ್ಲ ಮಾಡಿದ ಮೇಲೂ ಐಸ್ ಬಂದರೆ ಮೆಕ್ಯಾನಿಕ್ ಕರೆಯಿರಿ. ಅವರು ಬಂದ ಕೂಡಲೇ ‘ಗ್ಯಾಸ್ ಖಾಲಿಯಾಗಿದೆ, ತುಂಬಿಸಿಬಿಡೋಣ’ ಅಂದರೆ ಸುಮ್ನೆ ತಲೆಯಾಡಿಸಬೇಡಿ. ಎಸಿಯ ಗ್ಯಾಸ್ ಉರಿದು ಖರ್ಚಾಗುವ ವಸ್ತುವಲ್ಲ. ಅದು ಮುಚ್ಚಿದ ಪೈಪಿನೊಳಗೇ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರಿದೆ ಅಂತಲೇ ಅರ್ಥ, ಸೋರುವ ಜಾಗ ಮುಚ್ಚದೆ ವರ್ಷ ವರ್ಷ ತುಂಬಿಸಿ ಹಣ ತೆಗೆದುಕೊಳ್ಳುವುದು ನೋಡಿದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ. ಪೈಪ್ ಜೋಡಿಸಿರುವ ನಟ್‌ಗಳ ಹತ್ತಿರ ಎಣ್ಣೆಯ ಕಲೆ ಇದ್ದರೆ ಸೋರಿಕೆ ಅಲ್ಲಿರಬಹುದು. ನೈಟ್ರೋಜನ್ ತುಂಬಿಸಿ ಸೋಪಿನ ನೀರು ಹಚ್ಚಿ ಪರೀಕ್ಷಿಸಲಿ, ಸೋರಿಕೆ ಮುಚ್ಚಲಿ, ವ್ಯಾಕ್ಯೂಮ್ ಮಾಡಲಿ (ಪೈಪಿನೊಳಗಿನ ಗಾಳಿ, ತೇವ ಹೊರತೆಗೆಯುವುದು), ಆಮೇಲೆ ಯೂನಿಟ್ ಮೇಲೆ ಬರೆದಿರುವ ಗ್ರಾಂ ಲೆಕ್ಕದಲ್ಲಿ ತೂಕ ಮಾಡಿ ಹಾಕಲಿ. ಹೊಸ ಎಸಿಗಳಲ್ಲಿರುವ ಆರ್32 ಗ್ಯಾಸ್‌ಗೆ ಬೆಂಕಿ ಹೊತ್ತಿಕೊಳ್ಳುವ ಗುಣ ಸ್ವಲ್ಪ ಇದೆ, ಆದ್ದರಿಂದ ಇದು ಮನೆಯವರು ಮಾಡುವ ಕೆಲಸವಲ್ಲ.

ಅವರಿಗೆ ಇನ್ನೊಂದು ಮಾತು ಹೇಳಿ: ಕಾಯಿಲ್ ಸೆನ್ಸರ್ ನೋಡಲಿ. ಕಾಯಿಲ್ ಅತಿಯಾಗಿ ತಣ್ಣಗಾದಾಗ ಕಂಪ್ರೆಸರ್ ನಿಲ್ಲಿಸಲು ಅಥವಾ ನಿಧಾನ ಮಾಡಲು ಎಸಿಯ ಕಂಟ್ರೋಲ್ ಬೋರ್ಡ್‌ಗೆ ಸುದ್ದಿ ಕೊಡುವುದು ಅದೇ. ಸರ್ವಿಸ್ ಮಾಡುವಾಗ ಅದು ತನ್ನ ಜಾಗದಿಂದ ಜಾರಿ ಗಾಳಿಯಲ್ಲಿ ನೇತಾಡುತ್ತಿದ್ದರೆ ಐಸ್ ಕಟ್ಟುತ್ತಿದ್ದರೂ ಎಸಿಗೆ ಗೊತ್ತಾಗುವುದಿಲ್ಲ.

ಎಲ್ಲ ಮುಗಿದ ಮೇಲೆ ಕೂಲಿಂಗ್ ಹಾಕಿ 20 ನಿಮಿಷ ಬಿಡಿ. ಮೇಲೆ ಒಳಹೋಗುವ ಗಾಳಿ, ಕೆಳಗೆ ಹೊರಬರುವ ಗಾಳಿ, ಎರಡನ್ನೂ ಥರ್ಮಾಮೀಟರ್‌ನಿಂದ ಅಳೆಯಿರಿ. ಸುಮಾರು 8ರಿಂದ 12 ಡಿಗ್ರಿ ವ್ಯತ್ಯಾಸ ಇದ್ದರೆ ಸರಿ ಇದೆ. ತುಂಬಾ ಜಾಸ್ತಿ ಇದ್ದು ಗಾಳಿಯೂ ಮೆತ್ತಗಿದ್ದರೆ ಮತ್ತೆ ಫಿಲ್ಟರ್, ಬ್ಲೋವರ್ ಕಡೆ ನೋಡಿ, ಗಾಳಿ ಜೋರಾಗಿದ್ದೂ ವ್ಯತ್ಯಾಸ ತೀರಾ ಕಡಿಮೆ ಇದ್ದರೆ ಮೆಕ್ಯಾನಿಕ್‌ಗೆ ಅವತ್ತೇ ಫೋನ್ ಮಾಡಿ.